ಮಸುಕು ಕ್ಯಾಮೆರಾದಲ್ಲಿ ಕಂಡ ವೈನಿ

ನನ್ನಲ್ಲೊಂದು ದೊಡ್ಡ ದೋಷವಿದೆ. ಯಾವುದನ್ನಾದರೂ ನೋಡಿಬಿಟ್ಟರೆ ಅದರ ಬಗ್ಗೆ ನಾನು ಮಾಡಬೇಕಾದದ್ದೆಲ್ಲ ಮುಗಿಯಿತೆಂದು ತಿಳಿಯುವವನು ನಾನು. ಬಚ್ಚಲಿನ ನಲ್ಲಿ ಸೋರುತ್ತಿದ್ದರೆ ಒಂದು ವಾರ ಶ್ರದ್ಧೆಯಿಂದ ಅದನ್ನು ನೋಡುತ್ತೇನೆ. “ನಲ್ಲಿ ಸೋರಾಕತ್ತೇತಿ, ಸ್ವಲ್ಪ ನೋಡ್ರಿ” ಎಂದು ಹೆಂಡತಿ ಹೇಳಿದರೆ “ನೋಡೀನಿ” ಎನ್ನುತ್ತೇನೆ. ನನ್ನ ಮಟ್ಟಿಗೆ ಆ ಪ್ರಕರಣ ಅಲ್ಲಿಗೆ ಇತ್ಯರ್ಥ. ಇಂಥವನನ್ನು ಪಾಲಿಕೆಯವರು ಊರಿನ ಕ್ಯಾಮೆರಾಗಳನ್ನು ನೋಡುವ ಕೋಣೆಗೆ ಹಾಕಿದಾಗ, ನನಗಾಗಿಯೇ ಹುಟ್ಟಿದ ಕೆಲಸವೊಂದು ಕೊನೆಗೂ ನನ್ನನ್ನು ಹುಡುಕಿಕೊಂಡು ಬಂತು ಎಂದುಕೊಂಡೆ.

ಹಳೆಯ ಕ್ಯಾಮೆರಾಗಳ ಗುಣಗಾನ ಮಾಡಲು ನನಗೆ ಸಂಕೋಚವಿಲ್ಲ. ಅವು ಯಾರ ಮೇಲೂ ಚಾಡಿ ಹೇಳಿದವಲ್ಲ. ಒಂದಕ್ಕೆ ಜೇಡ ಬಲೆ ಕಟ್ಟಿತ್ತು, ಇನ್ನೊಂದರ ಮುಂದೆ ಪಾರಿವಾಳವೊಂದು ಬೆನ್ನು ತಿರುಗಿಸಿ ಕೂತಿರುತ್ತಿತ್ತು. ಉಳಿದವುಗಳಲ್ಲಿ ಮನುಷ್ಯರು ಮಜ್ಜಿಗೆಯಲ್ಲಿ ಅದ್ದಿ ತೆಗೆದ ಹಾಗೆ ಕಾಣುತ್ತಿದ್ದರು. ನವನಗರದ ಬಸ್ ನಿಲ್ದಾಣದ ಪರದೆಯೂ ಹಾಗೆಯೇ. ಆದರೂ ಅದರಲ್ಲಿ ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಬಂದು ನಿಲ್ಲುವ ಒಂದು ಆಕೃತಿಯನ್ನು ನಾನು ಸಲೀಸಾಗಿ ಗುರುತಿಸುತ್ತಿದ್ದೆ. ಎಡಭುಜ ತುಸು ಇಳಿಸಿ ನಿಲ್ಲುವ ಆ ರೀತಿ ನಮ್ಮ ಮನೆತನದ್ದು. ಆತ ನನ್ನ ಅಣ್ಣ.

ಅಣ್ಣ ಲಕಮನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಆತನ ಹೆಂಡತಿ ಗೌರವ್ವ ವೈನಿಯೂ ಅಲ್ಲೇ ಹತ್ತಿರದ ಇನ್ನೊಂದು ಕಡೆ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಇಬ್ಬರೂ ಒಂದೇ ಬಸ್ಸಿಗೆ ನಿಲ್ಲುವವರು. ನಾನು ನಮ್ಮ ಹಳ್ಳಿ ಗರಗದಿಂದ ಕಾಲೇಜು ಓದಲು ಬಂದಾಗ ವೈನಿ ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅವರ ಆಗಿನ ಒಂದೇ ಕೋಣೆಯ ಮನೆಯಲ್ಲಿ ನನ್ನನ್ನು ಮೂರು ವರ್ಷ ಸಾಕಿದಳು. ನಾನು ಓದುತ್ತಲೇ ನಿದ್ದೆ ಹೋದರೆ “ಶಿವೂ, ಪುಸ್ತಕ ಓದಾಕತ್ತೀಯೋ, ತಲಿದಿಂಬು ಮಾಡ್ಕೊಂಡೀಯೋ?” ಎಂದು ಎಬ್ಬಿಸುತ್ತಿದ್ದಳು.

ಅಂಥವಳೊಡನೆ ಮಾತು ಬಿಟ್ಟು ಆರು ವರ್ಷವಾಗಿತ್ತು. ಕಾರಣ ಹೇಳಿದರೆ ನೀವು ನಗುತ್ತೀರಿ. ನನ್ನ ಮಗಳ ಮದುವೆಯಲ್ಲಿ ಫೋಟೋದವನು “ಮನಿಮಂದಿ ಎಲ್ಲಾ ಬರ್ರಿ” ಎಂದು ಕರೆದಾಗ ಅಣ್ಣ-ವೈನಿ ಪಂಕ್ತಿಯಲ್ಲಿ ಬಡಿಸುತ್ತಿದ್ದರು. ಆಮೇಲೆ ಇನ್ನೊಂದು ತೆಗೆಸಿದರಾಯಿತು ಎಂದುಕೊಂಡವನು ಮರೆತೇಬಿಟ್ಟೆ. “ನಾವು ಬಡಸಾಕ ಬಂದವರೇನು?” ಎಂದ ಅಣ್ಣ. ತಪ್ಪಾಯಿತು ಎನ್ನುವ ಬದಲು “ಒಂದು ಫೋಟೋಕ್ಕ ಇಷ್ಟ್ಯಾಕ ಸಿಟ್ಟು?” ಎಂದೆ ನಾನು. ಇಬ್ಬರೂ ಉಣ್ಣದೆ ಹೋದರು. ಅವರೇ ಬರಲಿ ಎಂದು ನಾನು, ಕರೆಯಲಿ ಎಂದು ಅವರು. ನಮ್ಮ ಮನೆತನದಲ್ಲಿ ಭುಜದ ಜೊತೆಗೆ ಬಂದ ಇನ್ನೊಂದು ಆಸ್ತಿ ಈ ಹಟ.

ಕ್ಯಾಮೆರಾದ ಕೆಲಸ ಸಿಕ್ಕ ಮೇಲಂತೂ ರಾಜಿಯ ಅಗತ್ಯವೇ ಬೀಳಲಿಲ್ಲ. ಅಣ್ಣನ ಆಕೃತಿಯ ಪಕ್ಕದಲ್ಲಿ ಯಾವಾಗಲೂ ಒಂದು ಹಸಿರು ಮಸುಕು ಇರುತ್ತಿತ್ತು. ವೈನಿಗೆ ಹಸಿರು ಸೀರೆಯೆಂದರೆ ಪ್ರಾಣ. “ಅಣ್ಣಾರು ಹೆಂಗ ಅದಾರಂತರೀ?” ಎಂದು ಹೆಂಡತಿ ಕೇಳಿದಾಗಲೆಲ್ಲ, “ಇಬ್ಬರೂ ಛಲೋ ಅದಾರ, ಮುಂಜಾನಿನ ನೋಡೀನಿ” ಎಂದು ವರದಿ ಒಪ್ಪಿಸುತ್ತಿದ್ದೆ. “ನೋಡಿದ್ರ ಆತೇನ್ರಿ? ಒಮ್ಮೆ ಹೋಗಿ ಬರೂಣು” ಎನ್ನುತ್ತಿದ್ದಳು. ಆ ಮಾತಿಗೂ ನಾನು ಸೋರುವ ನಲ್ಲಿಯ ಮರ್ಯಾದೆಯನ್ನೇ ಕೊಟ್ಟೆ.

ಹೀಗಿರುವಾಗ ಹಳೆಯ ಕ್ಯಾಮೆರಾಗಳನ್ನೆಲ್ಲ ಬದಲಿಸುವ ಆದೇಶ ಬಂತು. ಏಣಿಯ ಗಾಡಿಗಳು ಊರೆಲ್ಲ ಸುತ್ತಿದವು. ನಮ್ಮ ಕೋಣೆಯ ಹೊಸ ಪರದೆಗೆ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು, ಎಲ್ಲರಿಗೂ ಪೇಢೆ ಹಂಚಿದೆವು. ಜೊತೆಯಲ್ಲಿ ಕೆಲಸ ಮಾಡುವ ರೇಣುಕಾ ಗುಂಡಿ ಒತ್ತಿ, “ಸರ್ರ, ಮಂದಿ ಅಂಗಿ ಗುಂಡೀನೂ ಎಣಸಬಹುದ್ ನೋಡ್ರಿ” ಎಂದು ಹಿಗ್ಗಿದಳು. “ನವನಗರದ್ದು ಹಾಕವಾ” ಎಂದೆ.

ಅಣ್ಣ ಕಂಡ. ಕೂದಲೆಲ್ಲ ಬೆಳ್ಳಗಾಗಿತ್ತು. ಕಾಲರ್ ಹರಿದ ಅಂಗಿ, ತಪ್ಪು ಕಾಜಿಗೆ ಹಾಕಿದ ಗುಂಡಿ. ಪಕ್ಕದಲ್ಲಿ ವೈನಿ ಇರಲಿಲ್ಲ. ಅಲ್ಲಿದ್ದದ್ದು ಹಸಿರು ತಾಡಪತ್ರಿ ಹೊದಿಸಿ ನಿಲ್ಲಿಸಿದ್ದ ಕಬ್ಬಿನ ಹಾಲಿನ ಗಾಡಿ. ಬಸ್ಸು ಬಂತು, ಅಣ್ಣ ಹತ್ತಿದ, ಬಸ್ಸು ಹೋಯಿತು. ಗಾಡಿ ಅಲ್ಲೇ ಇತ್ತು. ಇಷ್ಟು ದಿನ ಬಸ್ಸು ಹೋದ ಮೇಲೂ ಒಂದು ಗಳಿಗೆ ನೋಡುವ ತಾಳ್ಮೆ ನನಗಿದ್ದಿದ್ದರೆ ಮಸುಕು ಕ್ಯಾಮೆರಾದಲ್ಲೇ ಇದು ತಿಳಿಯುತ್ತಿತ್ತು. ಎಷ್ಟು ತಿಂಗಳಿಂದ ನಾನು ಒಂದು ಗಾಡಿಯ ಕ್ಷೇಮಸಮಾಚಾರವನ್ನು ಹೆಂಡತಿಗೆ ಮುಟ್ಟಿಸುತ್ತಿದ್ದೆನೋ!

ಆ ದಿನ ಸಂಜೆ ನೇರವಾಗಿ ಅಣ್ಣನ ಮನೆಗೆ ಹೋದೆ. ಬಾಗಿಲು ತೆರೆದವನು ಅಣ್ಣನೇ.

“ಯಾರು ಹೇಳಿದ್ರೋ ನಿನಗ?”

“ಯಾರೂ ಹೇಳಿಲ್ಲ. ಕ್ಯಾಮೆರಾದಾಗ ನೀ ಒಬ್ಬನ ನಿಂತಿದ್ದಿ.”

“ಒಬ್ಬನ ನಿಲ್ಲಾಕತ್ತು ಹನ್ನೊಂದು ತಿಂಗಳಾತಪ್ಪಾ,” ಎಂದ ಅಣ್ಣ. “ನಿಮ್ಮ ವೈನಿಗೆ ಲಕ್ವಾ ಹೊಡೀತು. ಹಗಲೆಲ್ಲಾ ಅಕಿನ್ನ ನೋಡ್ಕೊಳ್ಳೋ ಬಾಜೂ ಮನಿಯವರಿಗೂ ಯಾರಿಗೂ ಹೇಳಬ್ಯಾಡ್ರಿ ಅಂತ ನಾನ ಅಂದಿದ್ದೆ. ನಿನಗ ಮಾತ್ರ ಹೇಳಬೇಕು ಅಂತ ಒಮ್ಮೆ ನಿಮ್ಮ ಆಫೀಸಿನ ಗೇಟಿನ ತನಕ ಬಂದಿದ್ದೆ. ಕಾವಲಿನಾಂವ ‘ಯಾರು ಬೇಕ್ರಿ, ಏನಾಗಬೇಕ್ರಿ’ ಅಂದ. ತಮ್ಮ ಬೇಕು ಅನ್ನಾಕ ಬಾಯಿ ಬರಲಿಲ್ಲ. ಹೊಳ್ಳಿ ಬಂದೆ.”

ವೈನಿ ಒಳಕೋಣೆಯ ಮಂಚದ ಮೇಲಿದ್ದಳು. ಬಲಗಡೆ ಪೂರ್ತಿ ಬಿದ್ದುಹೋಗಿತ್ತು, ಮಾತೂ ಹೋಗಿತ್ತು. ನನ್ನನ್ನು ಕಂಡು “ಶಿ… ಶಿ…” ಎಂದಳು. ಮುಂದಿನ ಅಕ್ಷರ ಬರಲಿಲ್ಲ. ಆಮೇಲೆ ಎಡಗೈ ಎತ್ತಿ, ಐದೂ ಬೆರಳು ಕೂಡಿಸಿ ಬಾಯಿಯ ಹತ್ತಿರ ಒಯ್ದು, ಹುಬ್ಬು ಹಾರಿಸಿದಳು. ಉಂಡಿಯೇನು ಎಂದು ಕೇಳುತ್ತಿದ್ದಳು. ನಾನು ಅವಳ ಕಾಲ ಬಳಿ ಕೂತು ಸಣ್ಣ ಹುಡುಗನ ಹಾಗೆ ಅತ್ತೆ. “ಅಳಬ್ಯಾಡೋ, ಅಕಿಗೂ ಅಳು ಬರ್ತೇತಿ” ಎನ್ನುತ್ತ ಅಣ್ಣನೂ ಕಣ್ಣೊರೆಸಿಕೊಂಡ. ಅವತ್ತು ಅಣ್ಣ ಮಾಡಿದ ಸೀದ ರೊಟ್ಟಿಯನ್ನು ವೈನಿಯ ಎದುರೇ ಕೂತು ತಿಂದೆ.

ಆಮೇಲೆ ನಾಲ್ಕು ತಿಂಗಳು ನಾನೂ ನನ್ನ ಹೆಂಡತಿಯೂ ವಾರಕ್ಕೆರಡು ಸಲ ಹೋದೆವು. ಹೆಂಡತಿ ತಲೆ ಬಾಚುತ್ತಿದ್ದಳು, ನಾನು ಪೇಪರು ಓದಿ ಹೇಳುತ್ತಿದ್ದೆ. ನನ್ನ ಹೆಸರಿನ ಎರಡನೆಯ ಅಕ್ಷರ ಕೊನೆಯವರೆಗೂ ವೈನಿಯ ಬಾಯಿಗೆ ಬರಲಿಲ್ಲ. ಒಂದು ರವಿವಾರ ಮಧ್ಯಾಹ್ನ ಅಣ್ಣ ಗಂಜಿ ಕುಡಿಸುತ್ತಿದ್ದಾಗಲೇ ಕಣ್ಣು ಮುಚ್ಚಿದಳು.

ದಿನಗಳೆಲ್ಲ ಮುಗಿದು ಅಣ್ಣ ಮತ್ತೆ ಕೆಲಸಕ್ಕೆ ಹೊರಟ ಮೊದಲ ಬೆಳಿಗ್ಗೆ ನಾನು ಪರದೆಯ ಮುಂದಿದ್ದೆ. ಅಣ್ಣ ನಿಲ್ದಾಣಕ್ಕೆ ಬಂದ. ಅತ್ತಿತ್ತ ನೋಡಿ, ಕಂಬದ ಮೇಲಿನ ಕ್ಯಾಮೆರಾ ಹುಡುಕಿ, ಮೆಲ್ಲಗೆ ಕೈ ಎತ್ತಿದ. ನಾನೂ ಕುರ್ಚಿಯಿಂದ ಎದ್ದು ನಿಂತು ಕೈ ಎತ್ತಿ ಬೀಸತೊಡಗಿದೆ.

“ಸರ್ರ,” ಎಂದಳು ರೇಣುಕಾ ಮೆತ್ತಗೆ, “ನಾವು ಅವರಿಗೆ ಕಾಣೂದಿಲ್ರಿ. ಇದು ಒಂದ ಕಡಿಂದ ಕಾಣೂದು.”

“ಗೊತ್ತೈತವಾ” ಎಂದೆ. ಇಷ್ಟು ವರ್ಷ ನಾನು ಬದುಕಿದ್ದೇ ಆ ಅನುಕೂಲದ ಮೇಲೆ.