ಉಗುರಗಲದ ಕರೆಂಟು

ಕೆಲವರಿಗೆ ಯಾವ ಬಸ್ ಹತ್ತಿದರೂ ಕಿಟಕಿ ಪಕ್ಕದ ಸೀಟು ಸಿಗುತ್ತದೆ. ನನಗೆ ಎಲ್ಲಿ ಹೋದರೂ ನಗಬೇಕೋ ಅಳಬೇಕೋ ತಿಳಿಯದ ಪ್ರಸಂಗಗಳೇ ಸಿಗುತ್ತವೆ. ನಾನು ಹಾಸನದ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಲೆಕ್ಚರರ್. ತೊಂಬತ್ತರ ದಶಕದ ಕೊನೆಗೆ ಪಿಎಚ್‌ಡಿಗೆ ಸೇರಿಕೊಂಡೆ. ಕಂಪ್ಯೂಟರಿನ ಪ್ರೊಸೆಸರ್ ಚಿಪ್‌ನಲ್ಲಿ ಎಲ್ಲ ಕಡೆಗೂ ಸಮನಾಗಿ ವೋಲ್ಟೇಜ್ ತಲುಪಿಸುವುದು ಹೇಗೆ ಎಂಬುದು ನನ್ನ ವಿಷಯ. ಚಿಪ್ ಇರುವುದು ಉಗುರಗಲ. ಅಂಚಿನಿಂದ ಬಂದ ವಿದ್ಯುತ್ತು ಕೂದಲಿಗಿಂತ ಸಣ್ಣ ತಂತಿಗಳಲ್ಲಿ ಹರಿದು ನಡುಭಾಗ ಮುಟ್ಟುವಷ್ಟರಲ್ಲಿ ವೋಲ್ಟೇಜ್ ಕುಸಿದಿರುತ್ತದೆ. ಎಲ್ಲ ಭಾಗಗಳೂ ಒಟ್ಟಿಗೆ ಕೆಲಸಕ್ಕಿಳಿದರೆ ನಡುವಿನವು ಸೊರಗಿ, ತಪ್ಪು ಲೆಕ್ಕ ಕೊಡುತ್ತವೆ. ಯಾವ ತಂತಿಯನ್ನು ಎಲ್ಲಿ ದಪ್ಪ ಮಾಡಿದರೆ ಎಲ್ಲರಿಗೂ ಸಮಪಾಲು ಸಿಕ್ಕೀತು ಎಂದು ನಾನು ಹುಡುಕಬೇಕಿತ್ತು. ಅದು ಮುಗಿದರೆ ಪ್ರೊಫೆಸರ್ ಆಗುತ್ತಿದ್ದೆ. ಮುಗಿಯದಿದ್ದರೆ ನಾನೇ ಪಾಠ ಹೇಳಿದ ಹುಡುಗರು ಡಾಕ್ಟರೇಟ್ ಮಾಡಿಕೊಂಡು ಬಂದು ನನ್ನ ಮೇಲೆ ಕೂರುತ್ತಿದ್ದರು. ಇಬ್ಬರು ಆಗಲೇ ಕೂತಿದ್ದರು.

ಮೇಲಿನ ತೋಟದವರು

ನಮ್ಮ ಮಾವನವರದು ಅರಕಲಗೂಡು ಕಡೆ ಹೊಗೆಸೊಪ್ಪು, ಶುಂಠಿ ಬೇಸಾಯ. ಗೌರಿ ಹಬ್ಬಕ್ಕೆ ಹೋದಾಗಲೆಲ್ಲ ನನ್ನ ಓದು ಮುಗಿಯಿತೇ ಎಂದು ವಿಚಾರಿಸುತ್ತಿದ್ದರು. ಒಂದು ಸಲ ವಿಷಯ ಏನೆಂದೂ ಕೇಳಿದರು. ಹೇಳಿದೆ. ಅವರು ನನ್ನನ್ನು ಶುಂಠಿ ಹೊಲಕ್ಕೆ ಕರೆದುಕೊಂಡು ಹೋಗಿ ಪಂಪಿನ ಸ್ವಿಚ್ ಒತ್ತಿದರು. ಮೋಟರು ಗುಂಯ್ ಎಂದಿತು, ತಿರುಗಲಿಲ್ಲ.

ಅವರ ಹೊಲ ಲೈನಿನ ತುತ್ತತುದಿಯಲ್ಲಿತ್ತು. ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿರುವ ಮೇಲಿನ ತೋಟದವರು ಪಂಪ್ ಹಾಕಿದ ಕೂಡಲೇ ಇಲ್ಲಿ ವೋಲ್ಟೇಜ್ ಬೀಳುತ್ತದೆ, ಚಿಪ್‌ನ ಒಳಗೂ ಇದೇ ಪಾಡು, ಅದನ್ನು ಸರಿಮಾಡಲೆಂದೇ ನಾನು ವರ್ಷಗಟ್ಟಲೆ ಒದ್ದಾಡುತ್ತಿದ್ದೇನೆ ಎಂದು ವಿವರಿಸಿದೆ. ಜೀವನದಲ್ಲಿ ಮೊದಲ ಬಾರಿಗೆ ಒಬ್ಬರಿಗೆ ನನ್ನ ಸಂಶೋಧನೆ ಪೂರ್ತಿ ಅರ್ಥವಾಯಿತು. ಮಾವನವರ ಮುಖದಲ್ಲಿ ನನ್ನ ಬಗ್ಗೆ ಮರುಕವೇ ಮೂಡಿತು.

"ಅಂಗಾರೆ ಅದ್ರೊಳಗೂ ಮೇಲಿನ ತ್ವಾಟದೋರು ಅವ್ರೆ ಅನ್ನಿ. ಬುಟ್ಬುಡಿ ಅಳಿಯಂದ್ರೇ, ಅದು ಸರಿ ಓಗಕಿಲ್ಲ" ಅಂದರು.

ಹಬ್ಬದ ರಜೆ

ನನ್ನ ಲೆಕ್ಕ ಮಾಡಲು ಲ್ಯಾಬಿನಲ್ಲಿ ಒಂದೇ ಒಂದು ಒಳ್ಳೆಯ ಕಂಪ್ಯೂಟರ್ ಇತ್ತು. ಒಂದು ಲೆಕ್ಕ ಮುಗಿಯಲು ಅದು ವಾರಗಟ್ಟಲೆ ಹಗಲೂ ರಾತ್ರಿ ಓಡಬೇಕು. ನಡುವೆ ನಿಂತರೆ ಮತ್ತೆ ಮೊದಲಿನಿಂದ. ಹಾಗಾಗಿ ಮಾನಿಟರ್ ಮೇಲೆ ದಪ್ಪಕ್ಷರದಲ್ಲಿ 'ಆಫ್ ಮಾಡಬಾರದು' ಎಂದು ರಟ್ಟು ಅಂಟಿಸಿದ್ದೆ.

ಆಯುಧಪೂಜೆಯ ಬೆಳಿಗ್ಗೆ ಹೋಗಿ ನೋಡಿದರೆ ಆ ರಟ್ಟಿನ ಮೇಲೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ. ಮಾನಿಟರಿಗೆ ಚೆಂಡುಹೂವಿನ ಹಾರ. ಕಂಪ್ಯೂಟರ್ ತಣ್ಣಗೆ ಮಲಗಿತ್ತು. ಲೆಕ್ಕ ಮುಗಿಯಲು ಎರಡು ದಿನ ಉಳಿದಿತ್ತು. ನಮ್ಮ ಅಟೆಂಡರ್ ಹೊಳೆನರಸೀಪುರದವನು, ವಯಸ್ಸಿನಲ್ಲಿ ನನಗಿಂತ ಹಿರಿಯ, ದೇವರು ದಿಂಡರು ಎಂದರೆ ತುಂಬ ಶ್ರದ್ಧೆ. ಯಾಕಪ್ಪಾ ಹೀಗೆ ಮಾಡಿದೆ ಎಂದರೆ ಅವನಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

"ಅಬ್ಬದ ದಿನ ಆಯ್ದದ ಕೈಲಿ ಕೆಲ್ಸ ಮಾಡಿಸ್ತಾರಾ ಸಾ? ನಾವು ನೇಗ್ಲೇ ಮುಟ್ಟಕಿಲ್ಲ. ಇದು ಪಾಪ, ಮಲಗ್ದೆ ದುಡೀತಿತ್ತು."

ಕೋಪ ನುಂಗಿಕೊಳ್ಳಲು ಕಣ್ಣು ಮುಚ್ಚಿ ಮೆಲ್ಲಗೆ ಹತ್ತರವರೆಗೆ ಎಣಿಸಿದೆ. ಅವನು ಅದನ್ನು ಭಕ್ತಿ ಎಂದುಕೊಂಡು ಆರತಿ ತಟ್ಟೆಯನ್ನು ಇನ್ನೂ ಹತ್ತಿರ ತಂದ.

ಸಮಪಾಲು

ಆಮೇಲೆ ಲ್ಯಾಬಿಗೊಂದು ಯುಪಿಎಸ್ ಬಂತು. ಇನ್ನು ಕರೆಂಟ್ ಹೋದರೂ ಚಿಂತೆಯಿಲ್ಲ ಎಂದುಕೊಂಡೆ. ಆದರೆ ಕರೆಂಟ್ ಹೋದ ಕೆಲವೇ ನಿಮಿಷಕ್ಕೆ ಯುಪಿಎಸ್ ಕೂಡ ಕೈಚೆಲ್ಲುತ್ತಿತ್ತು. ಬ್ಯಾಟರಿ ಕೆಟ್ಟಿದೆಯೇನೋ ಎಂದು ನೋಡಿದರೆ, ಅದರಿಂದ ಒಂದು ವೈರು ಗೋಡೆ ಹತ್ತಿ, ಕಾರಿಡಾರ್ ದಾಟಿ, ಕಾಲೇಜು ನಡೆಸುವ ಟ್ರಸ್ಟಿನ ಕಾರ್ಯದರ್ಶಿಗಳ ಕೋಣೆ ಸೇರಿತ್ತು. ಅಲ್ಲಿ ಕ್ರಿಕೆಟ್ ನೋಡಲು ಟೀವಿ, ಸೆಖೆಗೆ ಎರಡು ಫ್ಯಾನು.

ಪ್ರಿನ್ಸಿಪಾಲರ ಬಳಿ ದೂರು ಒಯ್ದೆ. ಅವರು ಸಮಾಧಾನವಾಗಿ ಕೇಳಿಸಿಕೊಂಡು, "ಎಲ್ಲಾ ಕಡೆ ಸಮವಾಗಿ ಹಂಚೋದೇ ಅಲ್ವೇನ್ರಿ ನಿಮ್ಮ ಸಬ್ಜೆಕ್ಟು? ಕಾರ್ಯದರ್ಶಿಗಳಿಗೂ ಒಂದು ಪಾಲು ಹೋಯ್ತು ಅಂದ್ಕೊಳ್ಳಿ" ಅಂದರು.

ಡಾಕ್ಟರಾದ ದಿನ

ಹೀಗೇ ಪಿಎಚ್‌ಡಿಯ ಗಡುವು ಮುಗಿಯಿತು. ಇನ್ನೊಂದು ವರ್ಷ ಕೊಡಿ ಎಂದು ವಿಶ್ವವಿದ್ಯಾಲಯಕ್ಕೆ ಬರೆದುಕೊಂಡು, ಉತ್ತರಕ್ಕೆ ಕಾಯುತ್ತಾ, ಕೊನೆಯ ಲೆಕ್ಕವನ್ನು ಓಡಲು ಬಿಟ್ಟಿದ್ದೆ. ಒಂದು ಬೆಳಿಗ್ಗೆ ಲ್ಯಾಬಿಗೆ ಹೋದರೆ ಮೇಜಿನ ಮೇಲಿನ ಧೂಳಿನ ನಡುವೆ ಕಂಪ್ಯೂಟರಿನ ಅಳತೆಗೆ ಚೌಕಾಕಾರದ ಸ್ವಚ್ಛ ಜಾಗ ಉಳಿದಿತ್ತು, ಕಂಪ್ಯೂಟರ್ ಇರಲಿಲ್ಲ.

ನಮ್ಮ ಟ್ರಸ್ಟಿನವರೇ ಚನ್ನರಾಯಪಟ್ಟಣದ ಹತ್ತಿರ ಇನ್ನೊಂದು ಕಾಲೇಜು ತೆರೆದಿದ್ದರು. ಅಲ್ಲಿಗೆ ಆವತ್ತು ವಿಶ್ವವಿದ್ಯಾಲಯದ ಇನ್‌ಸ್ಪೆಕ್ಷನ್. ಇನ್‌ಸ್ಪೆಕ್ಷನ್ ದಿನ ಒಂದು ಕಾಲೇಜಿನ ಯಂತ್ರಗಳನ್ನು ಟೆಂಪೋದಲ್ಲಿ ಇನ್ನೊಂದಕ್ಕೆ ಸಾಗಿಸಿ, ನೆಂಟರ ಒಡವೆ ಹಾಕಿಕೊಂಡು ಮದುವೆಗೆ ಹೋಗುವಂತೆ ತೋರಿಸಿ ವಾಪಸ್ ತರುವುದು ನಮ್ಮಲ್ಲಿ ವಾಡಿಕೆ. ನಾನು ಬಸ್ ಹಿಡಿದು ಹಿಂದೆಯೇ ಓಡಿದೆ. ಅಲ್ಲಿ, ಸುಣ್ಣದ ವಾಸನೆ ಆರದ ಕೋಣೆಯಲ್ಲಿ, 'ಸಂಶೋಧನಾ ಕೇಂದ್ರ' ಎಂಬ ಬೋರ್ಡಿನ ಕೆಳಗೆ ನನ್ನ ಕಂಪ್ಯೂಟರ್ ಕೂತಿತ್ತು. ಅದರ ಲೆಕ್ಕ ಹಾಸನದಲ್ಲೇ ಸತ್ತಿತ್ತು. ನನಗೆ ಅಳು ಬಂತು.

ಅಳಲು ಬಿಡಲಿಲ್ಲ. ನಮ್ಮ ಪ್ರಿನ್ಸಿಪಾಲರೂ ಅಲ್ಲೇ ಇದ್ದರು. ಸಮಿತಿಯವರು ಮೆಟ್ಟಿಲು ಹತ್ತುತ್ತಿದ್ದಾರೆ, ಒಳ್ಳೇ ಹೊತ್ತಿಗೆ ಬಂದಿರಿ ಎಂದು ನನ್ನ ಕೊರಳಿಗೆ ತಮ್ಮ ಟೈ ಕಟ್ಟಿ, ಒಂದು ನಾಮಫಲಕದ ಹಿಂದೆ ಕೂರಿಸಿದರು. ಅದರಲ್ಲಿ 'ಡಾ.' ಎಂದು ಶುರುವಾಗಿ ಬೇರೆ ಯಾರದೋ ಹೆಸರಿತ್ತು. ಆ ಪ್ರೊಫೆಸರು ಕಾಗದದ ಮೇಲೆ ಮಾತ್ರ ಇದ್ದವರು. ಬೇಡವೆಂದರೆ ಇರುವ ಕೆಲಸವೂ ಹೋಗುತ್ತಿತ್ತು. ಕೂತೆ.

ಸಮಿತಿಯ ಅಧ್ಯಕ್ಷರು ದೊಡ್ಡ ವಿದ್ವಾಂಸರು. ನಿಮ್ಮ ಸಂಶೋಧನೆ ಯಾವುದು ಎಂದು ಕೇಳಿದರು. ನನಗೆ ಗೊತ್ತಿದ್ದದ್ದು ಒಂದೇ. ತಂತಿಗಳ ಬಲೆ ಹೆಣೆಯುವ ರೀತಿ, ನಡುವಿನ ಭಾಗಗಳಿಗೆ ಪಕ್ಕದಲ್ಲೇ ಒಂದಿಷ್ಟು ವಿದ್ಯುತ್ತು ಕೂಡಿಟ್ಟಿರುವ ಉಪಾಯ, ಎಲ್ಲವನ್ನೂ ಹೇಳಿದೆ. ಇಷ್ಟು ವರ್ಷಗಳಲ್ಲಿ ಯಾರೂ ಕೇಳದಿದ್ದುದನ್ನೆಲ್ಲ ಅವರು ಕುರ್ಚಿಯ ತುದಿಗೆ ಬಂದು ಕೇಳಿದರು. ಎದ್ದು ನಿಂತು ಕೈಕುಲುಕಿದರು. ಆಮೇಲೆ ಏನೋ ನೆನಪಾದವರಂತೆ ನಿಂತರು.

"ನೋಡಿ ಡಾಕ್ಟರೇ, ಇದೇ ವಿಷಯ ತಗೊಂಡು ಹಾಸನದಲ್ಲಿ ಒಬ್ಬ ಲೆಕ್ಚರರ್ ಮುಗಿಸದೆ ಕೂತಿದ್ದಾನೆ. ಕಂಪ್ಯೂಟರ್ ಪದೇ ಪದೇ ಆಫ್ ಆಗುತ್ತೆ, ಇನ್ನೊಂದು ವರ್ಷ ಕೊಡಿ ಅಂತ ಅರ್ಜಿ ಹಾಕಿದ್ದ. ಸೋಮಾರಿಗಳು ಹೇಳೋ ನೆಪ. ಮೊನ್ನೆ ನಾನೇ ಅವನ ರಿಜಿಸ್ಟ್ರೇಷನ್ ರದ್ದು ಮಾಡಿಸಿದೆ. ಹಾಸನ ಏನು ದೂರ? ಒಂದ್ಸಲ ಹೋಗಿ ಅವನಿಗೆ ಸ್ವಲ್ಪ ಬುದ್ಧಿ ಹೇಳಿ ಬನ್ನಿ."

ನಾನು ಕೊರಳಿನ ಟೈ ಸಡಿಲಿಸಿಕೊಂಡೆ. ನಮ್ಮ ಪ್ರಿನ್ಸಿಪಾಲರೇ ಕೈಮುಗಿದು ಉತ್ತರ ಕೊಟ್ಟರು.

"ಇವತ್ತು ಸಂಜೆನೇ ಹೋಗ್ತಾರೆ ಸಾರ್."