ಒಂಬತ್ತು ಸಾವಿರ ಹಾಡುಗಳ ಗುರುತು ಹಿಡಿಯದ ಹೊಸ ಲ್ಯಾಪ್‌ಟಾಪಿಗೆ

ಮಾನ್ಯ ಹೊಸ ಲ್ಯಾಪ್‌ಟಾಪ್ ಮಹಾಶಯರೇ,

ಮೊಟ್ಟಮೊದಲಿಗೆ ತಮ್ಮ ತೆಳ್ಳನೆಯ ದೇಹಕ್ಕೂ, ಬೆರಳಿನ ಕಲೆ ಬಿದ್ದರೆ ಮುನಿಸಿಕೊಳ್ಳುವ ಬೂದುಬಣ್ಣದ ಮುಚ್ಚಳಕ್ಕೂ, ಕಿವಿಗೊಟ್ಟರೂ ಕೇಳಿಸದ ಫ್ಯಾನಿಗೂ ನನ್ನ ಅನಂತ ವಂದನೆಗಳು. ತಾವು ನಮ್ಮ ಮನೆಯ ಊಟದ ಮೇಜಿನ ಮೇಲೆ ಬಂದು ಕುಳಿತು ಇಂದಿಗೆ ಏಳು ದಿನಗಳಾದವು. ಈ ಏಳು ದಿನಗಳಲ್ಲಿ ತಾವು ನನಗೆ ಕಲಿಸಿದಷ್ಟು ವಿನಯವನ್ನು ಶಾಲೆಯ ಮೇಷ್ಟ್ರುಗಳು ಹತ್ತು ವರ್ಷ ಬೆತ್ತ ಹಿಡಿದು ನಿಂತರೂ ಕಲಿಸಿರಲಿಲ್ಲ. ಇಂಥ ಉಪಕಾರವನ್ನು ಮನಸ್ಸಿನಲ್ಲೇ ಸ್ಮರಿಸಿ ಸುಮ್ಮನಾದರೆ ಕೃತಘ್ನನಾದೇನೆಂದು ಹೆದರಿ, ನಮ್ಮ ಬಡಾವಣೆಯ ಮಾಸಪತ್ರಿಕೆಯಲ್ಲಿ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಬಹಿರಂಗವಾಗಿ ಬರೆಯಲು ಇನ್ನೊಂದು ಕಾರಣವೂ ಇದೆ, ಅದನ್ನು ಕೊನೆಯಲ್ಲಿ ನಿವೇದಿಸಿಕೊಳ್ಳುತ್ತೇನೆ.

ಅಹವಾಲಿಗೆ ಮೊದಲು ನನ್ನ ಪರಿಚಯ ಹೇಳಿಕೊಳ್ಳಬೇಕು, ಏಕೆಂದರೆ ದಿನಕ್ಕೆ ನಾಲ್ಕು ಸಲ ತಾವು ನನ್ನನ್ನು ‘ನೀವು ನಿಜವಾಗಿಯೂ ನೀವೇನಾ’ ಎಂದು ವಿಚಾರಿಸುತ್ತಿದ್ದೀರಿ. ನಾನು ಡಿಜೆ. ಮದುವೆ, ಹುಟ್ಟುಹಬ್ಬ, ಕಚೇರಿಯ ವಾರ್ಷಿಕೋತ್ಸವ, ಹೀಗೆ ನಾಲ್ಕು ಜನ ಸೇರುವ ಕಡೆ ಎರಡು ದೊಡ್ಡ ಸ್ಪೀಕರ್ ನಿಲ್ಲಿಸಿ, ಒಂದು ಹಾಡು ಮುಗಿಯುವುದರೊಳಗೆ ಇನ್ನೊಂದನ್ನು ಹೊಲಿಗೆ ಕಾಣದಂತೆ ಜೋಡಿಸಿ ಜನರನ್ನು ಕುಣಿಸುವುದು ನನ್ನ ವೃತ್ತಿ. ಬ್ಯಾನರಿನ ಮೇಲೆ ನನ್ನ ಹೆಸರು ‘ಡಿಜೆ ಸಿಡಿಲು’. ವಯಸ್ಸು ನಲವತ್ತಾರು. ಕೆಲಸದ ವೇಳೆ ಕಪ್ಪು ಕನ್ನಡಕ ಹಾಕಿಕೊಳ್ಳುತ್ತೇನಾದ್ದರಿಂದ ನನ್ನದೇ ಸ್ಪೀಕರಿನ ತಂತಿಗೆ ಎಡವಿ ಎರಡು ಸಲ ಬಿದ್ದಿದ್ದೇನೆ. ಎರಡು ಸಲವೂ ಜನ ಅದನ್ನು ಹೊಸ ನಮೂನೆಯ ಕುಣಿತವೆಂದು ತಿಳಿದು ಚಪ್ಪಾಳೆ ತಟ್ಟಿದರು, ನಾನೂ ಹಾಗೆಂದೇ ನಂಬಿಸಿದೆ.

ತಮ್ಮ ಪೂರ್ವಾಧಿಕಾರಿಗಳಾದ ಹಳೆಯ ಲ್ಯಾಪ್‌ಟಾಪ್ ಅವರನ್ನು ಹನ್ನೊಂದು ವರ್ಷಗಳ ಹಿಂದೆ ನನಗೆ ತಂದುಕೊಟ್ಟವಳು ನನ್ನ ಅಕ್ಕ. ದೊಡ್ಡಾಸ್ಪತ್ರೆಯಲ್ಲಿ ಹೆಡ್ ನರ್ಸ್. ರೋಗಿಯ ಹೆಸರಿರಲಿ, ಹಿಟ್ಟಿನ ಡಬ್ಬವಿರಲಿ, ಚೀಟಿ ಬರೆದು ಅಂಟಿಸದೆ ಬಿಡುವವಳಲ್ಲ. ಆ ಲ್ಯಾಪ್‌ಟಾಪ್ ಮೊದಲ ದಿನ ಮಾಲೀಕರ ಹೆಸರೇನೆಂದು ಕೇಳಿದಾಗ, ನಾನು ಸ್ನಾನಕ್ಕೆ ಹೋಗಿದ್ದ ಹೊತ್ತು ನೋಡಿ, ಮನೆಯಲ್ಲಿ ನನ್ನನ್ನು ಕರೆಯುವ ಹೆಸರಾದ ‘ಪಾಪು’ ಎಂದು ಒತ್ತಿಬಿಟ್ಟಳು. ಅಂದಿನಿಂದ ಹನ್ನೊಂದು ವರ್ಷ, ಮುಚ್ಚಳ ತೆರೆದಾಗಲೆಲ್ಲ ಅದು ‘ಸ್ವಾಗತ, ಪಾಪು’ ಎಂದು ಬರಮಾಡಿಕೊಂಡಿತು. ಹೊಟ್ಟೆ ಮುಂದೆ ಬಂದ, ಮೀಸೆ ನರೆತ ಗಂಡಸು ಇನ್ನೂರು ಜನರೆದುರು ಅದನ್ನು ತೆರೆಯುವುದು ಹೇಗೆ? ಪ್ರತಿ ಸಲವೂ ಗೋಡೆಗೆ ಮುಖ ಮಾಡಿ, ಕದ್ದು ತಿನ್ನುವವನ ಹಾಗೆ ತೆರೆಯುತ್ತಿದ್ದೆ. ಆದ್ದರಿಂದಲೇ ಕಳೆದ ಭಾನುವಾರ ತಾವು ಬಂದು ಅದೇ ಪ್ರಶ್ನೆ ಕೇಳಿದಾಗ, ಎದೆಯುಬ್ಬಿಸಿ, ಒಂದೊಂದೇ ಅಕ್ಷರವನ್ನು ಚಪ್ಪರಿಸುತ್ತ ‘ಸಿಡಿಲು’ ಎಂದು ಒತ್ತಿದೆ. ತಾವು ‘ಸ್ವಾಗತ, ಸಿಡಿಲು’ ಎಂದಿರಿ. ಆ ಕ್ಷಣ ತಮ್ಮನ್ನು ತಬ್ಬಿಕೊಳ್ಳಬೇಕೆನಿಸಿತ್ತು.

ಇನ್ನು ನನ್ನ ವೃತ್ತಿಯ ಒಂದು ಗುಟ್ಟನ್ನು ಹೇಳದಿದ್ದರೆ ನನ್ನ ಸಂಕಟ ತಮಗೆ ಅರ್ಥವಾಗದು. ಡಿಜೆಯಾದವನು ಹಾಡನ್ನು ಮೊದಲಿನಿಂದ ಬಾರಿಸುವುದಿಲ್ಲ. ಎಲ್ಲಿಂದ ಬಾರಿಸಿದರೆ ಜನ ಎದ್ದು ನಿಲ್ಲುತ್ತಾರೋ ಆ ಜಾಗದಲ್ಲಿ ಸಾಫ್ಟ್‌ವೇರಿನೊಳಗೆ ಒಂದು ಕೆಂಪು ಗುರುತು ಹಾಕಿಟ್ಟುಕೊಂಡಿರುತ್ತಾನೆ, ಗುಂಡಿ ಒತ್ತಿದರೆ ಹಾಡು ಅಲ್ಲಿಂದಲೇ ಹೊರಡುತ್ತದೆ. ಈ ಗುರುತು ಹಾಕುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ಕಸುಬಿನವರು ಮಾತಾಡಿಕೊಳ್ಳುತ್ತಾರೆ, ನಾನು ವಿನಯದಿಂದ ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತೇನೆ. ನಿಜ ಸಂಗತಿ ಏನೆಂದರೆ, ಭಾನುವಾರ ಮಧ್ಯಾಹ್ನ ನಾನು ಅಕ್ಕನ ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಹೊಸ ಹಾಡುಗಳನ್ನು ಹಾಕುತ್ತೇನೆ. ಅಕ್ಕ ನನಗೆ ಬೆನ್ನು ಹಾಕಿ ತರಕಾರಿ ಹೆಚ್ಚುತ್ತಲೋ ಯೂನಿಫಾರ್ಮ್ ಇಸ್ತ್ರಿ ಮಾಡುತ್ತಲೋ ನಿಂತಿರುತ್ತಾಳೆ. ಯಾವುದೋ ಒಂದು ಕಡೆ, ಅವಳಿಗೇ ಗೊತ್ತಿಲ್ಲದೆ, ಅವಳ ಬಲಗಾಲಿನ ಚಪ್ಪಲಿ ನೆಲಕ್ಕೆ ಟಪ್ ಎಂದು ತಾಳ ಹಾಕುತ್ತದೆ. ನಾನು ಅಲ್ಲಿ ಗುರುತು ಹಾಕುತ್ತೇನೆ. ಅಷ್ಟೇ. ಡಿಜೆ ಸಿಡಿಲಿನ ಹನ್ನೊಂದು ವರ್ಷಗಳ ಖ್ಯಾತಿ ಎಂಬುದು ಒಬ್ಬ ಹೆಡ್ ನರ್ಸಿನ ಬಲಗಾಲು. ಇದನ್ನು ನಾನು ಯಾರಿಗೂ ಹೇಳಿಲ್ಲ, ಆ ಕಾಲಿನ ಒಡತಿಗೂ ಹೇಳಿಲ್ಲ.

ಕಳೆದ ವರ್ಷ ಆ ಬಲ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಯಿತು. ಈಗ ಅಕ್ಕ ಕುರ್ಚಿಯಲ್ಲಿ ಕುಳಿತು, ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡೇ ತರಕಾರಿ ಹೆಚ್ಚುತ್ತಾಳೆ. ಚಪ್ಪಲಿ ಸದ್ದು ಮಾಡುವುದಿಲ್ಲ. ಹಾಗಾಗಿ ಹಳೆಯ ಗುರುತುಗಳು ಕಳೆದುಹೋದರೆ ಮತ್ತೆ ಹಾಕಿಕೊಳ್ಳುವ ದಾರಿ ನನಗಿಲ್ಲ. ಇಷ್ಟರ ಮೇಲೆ ಈ ಶನಿವಾರ ಸಂಜೆ ನಾಲ್ಕಕ್ಕೆ, ಮೂವತ್ತನಾಲ್ಕು ವರ್ಷಗಳ ಸೇವೆಯ ನಂತರ ಅಕ್ಕನ ನಿವೃತ್ತಿಯ ಬೀಳ್ಕೊಡುಗೆ ಬೇರೆ ಇತ್ತು. ತಿಂಗಳ ಮೊದಲೇ ಅವಳು ಹೇಳಿದ್ದಳು: “ಹಾರ ತುರಾಯಿ ಏನೂ ಬೇಡ ಕಣೋ ಪಾಪು. ಭಾನುವಾರ ನಮ್ಮನೇಲಿ ಹಾಕ್ತಿದ್ಯಲ್ಲ, ಆ ಹಾಡುಗಳನ್ನೇ ಹಾಗೇ ಹಾಕು, ಸಾಕು.”

ತಮ್ಮ ಪೂರ್ವಾಧಿಕಾರಿಗಳ ಕುತ್ತಿಗೆ ಮುರಿದು ಪರದೆ ಜೋತುಬಿದ್ದಿತ್ತು. ಅವರ ಹೊಟ್ಟೆಯಲ್ಲಿದ್ದುದನ್ನೆಲ್ಲ ಒಂದು ಪುಟ್ಟ ಡಿಸ್ಕಿಗೆ ನಕಲು ಮಾಡಿಕೊಂಡಿದ್ದೆನಾದರೂ ಅದು ನನ್ನ ಜಾಣತನವಲ್ಲ. “ಆಸ್ಪತ್ರೇಲಿ ಒಂದನ್ನ ಎರಡು ಕಡೆ ಬರೆದಿಡ್ತೀವಿ, ನೀನೂ ಕಲಿ” ಎಂದು ಅಕ್ಕ ಎದುರಿಗೆ ಕುಳಿತು ಮಾಡಿಸಿದ್ದಳು. ಆಮೇಲೆ ಹಳೆಯವರನ್ನು ಅಂಗಡಿಗೆ ಒಪ್ಪಿಸಿದೆ, ಅಂಗಡಿಯವರು ನನ್ನ ಕಣ್ಣೆದುರಿಗೇ ಅದರಲ್ಲಿದ್ದುದೆಲ್ಲವನ್ನೂ ಅಳಿಸಿಹಾಕಿದರು. ಸಿಡಿಲಿಗೆ ಎಂಥ ಅಳುಕು? ಸೀಟಿ ಹೊಡೆಯುತ್ತ ಮನೆಗೆ ಬಂದೆ.

ಸೋಮವಾರ ಡಿಸ್ಕಿನಿಂದ ಹಾಡುಗಳನ್ನು ತಮ್ಮೊಳಗೆ ಸುರಿದು ಸಾಫ್ಟ್‌ವೇರ್ ತೆರೆದರೆ, ಒಂಬತ್ತು ಸಾವಿರ ಚಿಲ್ಲರೆ ಹಾಡುಗಳಿದ್ದವು, ಗುರುತು ಒಂದೂ ಇರಲಿಲ್ಲ. ಗುರುತುಗಳು ಹಾಡಿನಲ್ಲಿ ಇರುವುದಿಲ್ಲ, ‘ಲೈಬ್ರರಿ’ ಎಂಬ ಬೇರೆಯೇ ಕಡತದಲ್ಲಿರುತ್ತವೆ ಎಂಬುದು ಹನ್ನೊಂದು ವರ್ಷ ಈ ಕಸುಬಿನ ಅನ್ನ ತಿಂದ ಮೇಲೆ ನನಗೆ ಗೊತ್ತಾದ ದಿನ ಅದು. ಮಂಗಳವಾರ ಆ ಕಡತವನ್ನೂ ತಂದು ಹಾಕಿದೆ. ಗುರುತುಗಳೆಲ್ಲ ಬಂದವು, ಆದರೆ ಒಂಬತ್ತು ಸಾವಿರ ಹಾಡುಗಳ ಪಕ್ಕದಲ್ಲಿ ಒಂಬತ್ತು ಸಾವಿರ ಹಳದಿ ಆಶ್ಚರ್ಯಚಿಹ್ನೆಗಳನ್ನು ತಾವು ನೆಟ್ಟಿರಿ. ‘ಈ ಹಾಡು ಸಿಗುತ್ತಿಲ್ಲ.’ ಅಲ್ಲ ಮಹಾಶಯರೇ, ಅದೇ ಹಾಡುಗಳು ತಮ್ಮದೇ ಹೊಟ್ಟೆಯಲ್ಲಿವೆ, ಹಿಂದಿನ ದಿನ ತಾನೇ ನಾನೇ ಬಡಿಸಿದ್ದೇನೆ. ಊಟ ಮುಗಿಸಿ ಕೈತೊಳೆದವರು ಊಟವೆಲ್ಲಿ ಎಂದು ಕೇಳಿದರೆ ಏನು ಹೇಳಲಿ? ಒಂದು ವಿಷಯ ಮಾತ್ರ ಮೆಚ್ಚಲೇಬೇಕು. ನನ್ನ ಅಜ್ಞಾನವನ್ನು ಕಂಡು ಒಂಬತ್ತು ಸಾವಿರ ಸಲ ಆಶ್ಚರ್ಯಪಡುವಷ್ಟು ತಾಳ್ಮೆ ಮನುಷ್ಯರಲ್ಲಿ ಇರುವುದಿಲ್ಲ.

ಬುಧವಾರ ‘ಹಾಡುಗಳನ್ನು ತಾನಾಗಿ ಹುಡುಕು’ ಎಂಬ ಗುಂಡಿ ಕಣ್ಣಿಗೆ ಬಿತ್ತು. ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ ಗುಂಡಿ. ಒತ್ತಿದೆ. ಹಿಂದೆ ನಾನು ಸೀಡಿಗಳಿಂದ ಹಾಡು ಇಳಿಸಿಕೊಳ್ಳುವಾಗ ಹೆಸರು ಬರೆಯಲು ಸೋಮಾರಿತನವಾಗಿ ಇನ್ನೂರ ಹದಿನಾಲ್ಕು ಹಾಡುಗಳನ್ನು ಬರೀ ‘ಟ್ರ್ಯಾಕ್ ಒಂದು’ ಎಂದೇ ಬಿಟ್ಟಿದ್ದೆ, ಪ್ರತಿಯೊಂದನ್ನೂ ಫೋಲ್ಡರ್ ಎಂಬ ಬೇರೆ ಬೇರೆ ಪೆಟ್ಟಿಗೆಯಲ್ಲಿ. ತಾವು ಅತ್ಯಂತ ಶ್ರದ್ಧೆಯಿಂದ ಹುಡುಕಿ, ಮೊದಲು ಸಿಕ್ಕ ‘ಟ್ರ್ಯಾಕ್ ಒಂದು’ ಅನ್ನು ಹಿಡಿದು ಇನ್ನೂರ ಹದಿನಾಲ್ಕಕ್ಕೂ ಅದನ್ನೇ ಅಂಟಿಸಿದಿರಿ. ಅದು ಹಾಡಲ್ಲ. ಅಕ್ಕನ ಮೊಣಕಾಲಿಗೆಂದು ಆಸ್ಪತ್ರೆಯವರು ಕೊಟ್ಟಿದ್ದ ವ್ಯಾಯಾಮದ ಸೀಡಿ. ಮದುಮಗಳು ಮಂಟಪಕ್ಕೆ ಬರುವ ಹಾಡು ಒತ್ತಿದರೂ, ಕೇಕು ಕತ್ತರಿಸುವ ಹಾಡು ಒತ್ತಿದರೂ, ಒಬ್ಬ ಮಹನೀಯರು ಗಂಭೀರ ದನಿಯಲ್ಲಿ “ಉಸಿರನ್ನು ಒಳಗೆಳೆದುಕೊಳ್ಳಿ, ಮೊಣಕಾಲನ್ನು ನಿಧಾನವಾಗಿ ಮಡಚಿ” ಎನ್ನುತ್ತಿದ್ದರು. ನಲವತ್ತನೆಯ ಸಲಕ್ಕೆ ನಾನೂ ಮಡಚಿದೆ. ಬೇರೆ ಏನು ಮಾಡಬೇಕೆಂದು ತಲೆಬುಡ ತಿಳಿಯಲಿಲ್ಲ.

ಶುಕ್ರವಾರ ಬೆಳಿಗ್ಗೆ ತಮ್ಮನ್ನು ಬಗಲಲ್ಲಿಟ್ಟುಕೊಂಡು ರಿಪೇರಿ ಅಂಗಡಿಗೆ ಓಡಿದೆ. ಅಲ್ಲಿ ಕೂರುವ ಹೆಂಗಸಿನದು ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಅವರು ಕೇಳಿದ ಮೊದಲನೆಯ ಪ್ರಶ್ನೆಯೇ, “ಹಳೇ ಲ್ಯಾಪ್‌ಟಾಪಲ್ಲಿ ನಿಮ್ಮ ಹೆಸರು ಏನಂತ ಇತ್ತು ಸಾರ್?” ಪಕ್ಕದಲ್ಲಿ ಪ್ರಿಂಟರ್ ಹಿಡಿದುಕೊಂಡ ವಕೀಲರೊಬ್ಬರೂ, ನನ್ನ ಬ್ಯಾನರು ನೋಡಿ ಮರ್ಯಾದೆ ಕೊಡುವ ಒಬ್ಬ ಪರಿಚಯಸ್ಥರೂ ನಿಂತಿದ್ದರು. ನಾನು ಕಪ್ಪು ಕನ್ನಡಕವನ್ನು ಸರಿಪಡಿಸಿಕೊಂಡು “ಅದರಲ್ಲೂ ಸಿಡಿಲು ಅಂತಲೇ” ಎಂದೆ. ಮಹಾಶಯರೇ, ತಮ್ಮ ಮೇಲಿನ ನನ್ನ ದೂರುಗಳನ್ನೆಲ್ಲ ಒಂದು ತಕ್ಕಡಿಯಲ್ಲಿಟ್ಟು ಇದೊಂದು ಸುಳ್ಳನ್ನು ಇನ್ನೊಂದರಲ್ಲಿಟ್ಟರೆ ಯಾವುದು ಕೆಳಗಿಳಿಯುವುದೆಂದು ನನಗೆ ಗೊತ್ತಿದೆ. ಆ ಹೆಂಗಸು ನನ್ನ ಮಾತು ನಂಬಿ ಎರಡು ತಾಸು ಬೇರೆಲ್ಲ ಕಡೆ ಕೆದಕಿದರು. ಕೊನೆಗೆ ಕೈಚೆಲ್ಲಿ, “ಬರಲ್ಲ ಸಾರ್, ಗುರುತುಗಳನ್ನೆಲ್ಲ ಹೊಸದಾಗಿ ಹಾಕ್ಕೋಬೇಕಾಗುತ್ತೆ” ಎಂದರು.

ಹೊಸದಾಗಿ! ಸ್ಟೂಲಿನ ಮೇಲೆ ಚಾಚಿಕೊಂಡ ಅಕ್ಕನ ಕಾಲು ಕಣ್ಣಮುಂದೆ ಬಂತು. ಕನ್ನಡಕ ತೆಗೆದು, ಮೇಜಿನ ಮೇಲೆ ಬಾಗಿ, ಉಸಿರಿನಲ್ಲೇ “ಪಾಪು” ಎಂದೆ. “ಏನು ಸಾರ್?” ಎಂದರು. ಗಟ್ಟಿಯಾಗಿ ಹೇಳಿದೆ. ವಕೀಲರು ಪ್ರಿಂಟರನ್ನು ಕೆಳಗಿಟ್ಟರು.

ಆ ಹೆಂಗಸು ನಗಲಿಲ್ಲ. ಅದಕ್ಕಾಗಿ ನಾನು ಅವರಿಗೆ ಬದುಕಿರುವವರೆಗೂ ಋಣಿ. “ಪ್ರತಿ ಹಾಡಿನ ವಿಳಾಸದಲ್ಲೂ ಮಾಲೀಕರ ಹೆಸರು ಸೇರಿರುತ್ತೆ ಸಾರ್. ನಿಮ್ಮ ಲೈಬ್ರರಿ ಅಷ್ಟೂ ಹಾಡನ್ನ ಪಾಪು ಮನೇಲಿ ಹುಡುಕ್ತಿದೆ. ಇಲ್ಲಿ ಪಾಪು ಅನ್ನೋರೇ ಇಲ್ಲವಲ್ಲ” ಎಂದು ವಿವರಿಸಿ, ನಾನು ಕೆಡಿಸಿಟ್ಟಿದ್ದನ್ನೆಲ್ಲ ಅಳಿಸಿ, ತಮ್ಮಲ್ಲಿ ಪಾಪು ಎಂಬ ಹೆಸರಿನ ಹೊಸ ಖಾತೆ ತೆರೆದು, ಅಕ್ಕ ಮಾಡಿಸಿದ್ದ ಆ ಡಿಸ್ಕಿನಿಂದ ಎಲ್ಲವನ್ನೂ ಇದ್ದ ಜಾಗದಲ್ಲೇ ಇರಿಸಿದರು. ಹತ್ತು ನಿಮಿಷದಲ್ಲಿ ಒಂದೊಂದೇ ಹಳದಿ ಚಿಹ್ನೆ ಉದುರಿಹೋಯಿತು. ಕೆಂಪು ಗುರುತುಗಳು ಸಾಲಾಗಿ ನಿಂತಿದ್ದವು. ನನಗೆ ಅಲ್ಲೇ ಕುಳಿತುಕೊಳ್ಳಬೇಕೆನಿಸಿತು, ಕುಳಿತುಕೊಂಡೆ.

ಶನಿವಾರ ತಾವು ತೋರಿದ ಸೌಜನ್ಯವನ್ನು ಮಾತ್ರ ಮರೆಯಲಾರೆ. ಆಸ್ಪತ್ರೆಯ ಕ್ಯಾಂಟೀನಿನ ಮೇಲಿನ ಸಭಾಂಗಣದಲ್ಲಿ ಅಕ್ಕನ ಹಳೆಯ ಫೋಟೊಗಳನ್ನು ಗೋಡೆಯ ಮೇಲೆ ತೋರಿಸಲೆಂದು ತಮ್ಮನ್ನು ಪ್ರೊಜೆಕ್ಟರಿಗೆ ಜೋಡಿಸಿದರು. ನಾನು ಅಭ್ಯಾಸಬಲದಿಂದ ತಮ್ಮನ್ನು ಗೋಡೆಗೆ ಮುಖ ಮಾಡಿ ತೆರೆದೆ. ಗೋಡೆಯ ಮೇಲೆ ಆಳೆತ್ತರದ ಅಕ್ಷರಗಳಲ್ಲಿ ‘ಸ್ವಾಗತ, ಪಾಪು’ ಎಂದು ಬಂತು. ನಗುವುದೇ ಇಲ್ಲವೆಂದು ಹೆಸರಾದ ಹಿರಿಯ ಸರ್ಜನರು ಅದನ್ನು ಗಟ್ಟಿಯಾಗಿ ಓದಿದರು. ಎಪ್ಪತ್ತು ಜನ ನಕ್ಕರು. ಅಕ್ಕ ಕಣ್ಣೊರೆಸಿಕೊಳ್ಳುತ್ತ ನಕ್ಕು, “ಅದು ನಾನೇ ಬರೆದಿದ್ದು” ಎಂದು ಹೆಮ್ಮೆಯಿಂದ ಎಲ್ಲರಿಗೂ ಹೇಳಿದಳು. ಅವಳು ಬರೆದದ್ದು ಹಳೆಯ ಲ್ಯಾಪ್‌ಟಾಪಿನಲ್ಲಿ, ಇದು ರಿಪೇರಿ ಅಂಗಡಿಯಲ್ಲಿ ಬರೆಸಿದ್ದು ಎಂದು ತಿದ್ದುವ ಮನಸ್ಸು ನನಗಾಗಲಿಲ್ಲ.

ಮೂರನೆಯ ಹಾಡಿಗೆ ಗುಂಡಿ ಒತ್ತಿದೆ. ಮುಂದಿನ ಸಾಲಿನಲ್ಲಿ, ಸ್ಟೂಲಿನ ಮೇಲಿದ್ದ ಬಲಗಾಲು ಅಲುಗಲಿಲ್ಲ. ಆದರೆ ನೆಲದ ಮೇಲಿದ್ದ ಎಡಗಾಲಿನ ಚಪ್ಪಲಿ ಟಪ್ ಎಂದಿತು. ಸರಿಯಾಗಿ ಆ ಗುರುತಿನಲ್ಲೇ. ನನಗೆ ಅಳು ಬಂತು. ಕಪ್ಪು ಕನ್ನಡಕ ಇಷ್ಟು ವರ್ಷಗಳಲ್ಲಿ ಮೊದಲ ಸಲ ಉಪಯೋಗಕ್ಕೆ ಬಂತು. ಎಲ್ಲ ಮುಗಿದ ಮೇಲೆ ಅಕ್ಕ ಕೇಳಿದಳು: “ಅಲ್ಲ ಕಣೋ, ಎಲ್ಲ ಹಾಡೂ ನನಗಿಷ್ಟವಾಗೋ ಕಡೆಯಿಂದಲೇ ಶುರುವಾಗುತ್ತಲ್ಲ, ನಿನಗೆ ಹೇಗೋ ಗೊತ್ತಾಗುತ್ತೆ?” ನಾನು ಗಂಟಲು ಸರಿಮಾಡಿಕೊಂಡು “ಅನುಭವ ಅಕ್ಕಾ, ಅನುಭವ” ಎಂದೆ. ಇಂಥ ನಾಲಿಗೆಗೆ ತಾವು ಯಾವ ಬಣ್ಣದ ಚಿಹ್ನೆ ಹಾಕುತ್ತೀರೋ ತಿಳಿಯದು.

ಆದ್ದರಿಂದ ನನ್ನ ಕೋರಿಕೆಗಳು ಸ್ವಲ್ಪವೇ. ಇನ್ನು ಮುಂದೆ ಯಾವನಾದರೂ ತಮ್ಮ ಮುಂದೆ ಕುಳಿತು ಎದೆಯುಬ್ಬಿಸಿ ಹೆಸರು ಒತ್ತಿದರೆ, ‘ಈ ಹೆಸರು ಹಿಡಿದು ಯಾರಾದರೂ ನಿಮ್ಮನ್ನು ಊಟಕ್ಕೆ ಕರೆಯುತ್ತಾರೆಯೇ’ ಎಂದು ಒಮ್ಮೆ ಕೇಳಬೇಕು. ಹಾಡು ಸಿಗದಿದ್ದಾಗ ಹಳದಿ ಚಿಹ್ನೆ ನೆಟ್ಟು ಕೂರದೆ, ನನ್ನ ಬೀಗದಕೈ ಕಳೆದಾಗಲೆಲ್ಲ ಅಕ್ಕ ಹೇಳುವಂತೆ, ‘ಇಲ್ಲೇ ಎಲ್ಲೋ ಇರುತ್ತೆ, ಗಾಬರಿಯಾಗಬೇಡ’ ಎನ್ನಬೇಕು. ಮತ್ತು ಈ ಪತ್ರ ಬಹಿರಂಗವಾಗಿರುವುದಕ್ಕೆ ಇರುವ ಇನ್ನೊಂದು ಕಾರಣವನ್ನು ದಯವಿಟ್ಟು ತಮ್ಮಲ್ಲೇ ಇಟ್ಟುಕೊಳ್ಳಬೇಕು: ಅಕ್ಕ ಈ ಮಾಸಪತ್ರಿಕೆಯನ್ನು ಮುಖಪುಟದಿಂದ ಕೊನೆಯ ಜಾಹೀರಾತಿನವರೆಗೆ ಬಿಡದೆ ಓದುತ್ತಾಳೆ. ಎದುರಿಗೆ ನಿಂತು ಹೇಳುವ ಧೈರ್ಯ ಸಿಡಿಲಿಗಿಲ್ಲ, ಪಾಪುವಿಗಂತೂ ಮೊದಲೇ ಇರಲಿಲ್ಲ.

ತಾವು ಒಪ್ಪಿಕೊಂಡ ಹೆಸರಿನಲ್ಲೇ ಸಹಿ ಹಾಕುತ್ತಿರುವ, ಪಾಸ್‌ವರ್ಡ್ ಮೂರು ಸಲ ತಪ್ಪಿದರೂ ಸಿಟ್ಟಾಗದ,

ತಮ್ಮ ವಿಶ್ವಾಸಿ,
ಪಾಪು

ತಾಜಾ ಕಲಂ: ಇಂದು ಬೆಳಿಗ್ಗೆ ತಾವು ನನಗೊಂದು ಸೂಚನೆ ಕಳಿಸಿದಿರಿ. ‘ನಿಮ್ಮ ಲೈಬ್ರರಿಯಲ್ಲಿ ಮೂರು ಸಾವಿರದ ಇನ್ನೂರ ಆರು ಗುರುತುಗಳು ತಾಳಕ್ಕಿಂತ ಕೂದಲೆಳೆಯಷ್ಟು ಮುಂದಿವೆ. ಎಲ್ಲವನ್ನೂ ಸರಿಪಡಿಸಲೇ?’ ಕೇಳಿದ್ದಕ್ಕೆ ಧನ್ಯವಾದಗಳು. ಅವು ತಪ್ಪಲ್ಲ, ನನ್ನ ಅಕ್ಕನಿಗೆ ಯಾವುದಕ್ಕೂ ಸ್ವಲ್ಪ ಅವಸರ. ಅದರಲ್ಲಿ ಒಂದನ್ನು ಮುಟ್ಟಿದರೂ ತಮ್ಮನ್ನು ಮುಚ್ಚಿ ಅವಳ ಅಡುಗೆಮನೆಗೆ ಕೊಡುತ್ತೇನೆ, ಅಲ್ಲಿ ತಾವು ಉಳಿದ ಆಯುಸ್ಸನ್ನೆಲ್ಲ ಈರುಳ್ಳಿ ಹೆಚ್ಚುವ ಹಲಗೆಯಾಗಿ ಕಳೆಯಬಹುದು.