ರತ್ನಳ ಕೋಟಿಗೆ ನಾಲ್ಕು ಎಕ್ಸು

ಬಟ್ಟೆ ಅಂಗಡಿಯವನಿಗೆ ಅಳತೆ ಗೊತ್ತಿರುತ್ತದೆ ಎಂದು ಜನ ನಂಬಿದ್ದಾರೆ. ಮೊನ್ನೆ ಮೊನ್ನೆಯವರೆಗೆ ನಾನೂ ನಂಬಿದ್ದೆ. ಶ್ರೀರಂಗಪಟ್ಟಣದಲ್ಲಿ ನನ್ನದೊಂದು ಸಣ್ಣ ಜವಳಿ ಅಂಗಡಿ. ಆದರೆ ನಾನು ಮಾರುವುದು ಸೀರೆ, ಪಂಚೆ, ಟವೆಲು, ಬೆಡ್‌ಶೀಟು. ಇವುಗಳಲ್ಲಿ ಯಾವುದಕ್ಕೂ ಎದೆಯಿಲ್ಲ, ಸೊಂಟವಿಲ್ಲ, ತೋಳಿಲ್ಲ. ಒಂದೇ ಸೀರೆಯನ್ನು ಸಣಕಲು ಸೊಸೆಯೂ ಉಡುತ್ತಾಳೆ, ತುಂಬಿದ ಮೈಯ ಅತ್ತೆಯೂ ಉಡುತ್ತಾಳೆ. ಸೀರೆ ಯಾರನ್ನೂ ಏನೂ ಕೇಳುವುದಿಲ್ಲ. ಪಂಚೆ ಇನ್ನೂ ಸಭ್ಯ. ಊಟಕ್ಕೆ ಮುಂಚೆ ಬಿಗಿಯಾಗಿ, ಊಟವಾದ ಮೇಲೆ ಸಡಿಲವಾಗಿ ಕಟ್ಟಿಕೊಂಡರೂ ತುಟಿ ಪಿಟಕ್ಕೆನ್ನುವುದಿಲ್ಲ. ಇಂಥ ವ್ಯಾಪಾರದಲ್ಲೇ ಕೂದಲು ನೆರೆಸಿಕೊಂಡ ನನ್ನನ್ನು ಎಕ್ಸೆಲ್ಲು, ಡಬಲ್ ಎಕ್ಸೆಲ್ಲುಗಳ ಲೋಕಕ್ಕೆ ತಳ್ಳಿದ್ದು ಬದರಿ ಯಾತ್ರೆ.

ನಾಗಮಂಗಲದ ಕಡೆಯ ನಮ್ಮ ನೆಂಟರು ಗುಂಪು ಕಟ್ಟಿಕೊಂಡು ಬದರಿಗೆ ಹೊರಟಿದ್ದರು. ನಾನೂ ನನ್ನ ಹೆಂಡತಿ ರತ್ನಳೂ ಹೆಸರು ಕೊಟ್ಟೆವು. ಅಲ್ಲಿನ ಚಳಿಗೆ ಸ್ವೆಟರು ಸಾಲದು, ದಪ್ಪ ಕೋಟೇ ಬೇಕು ಎಂದು ಹೋಗಿಬಂದವರು ಹೆದರಿಸಿದರು. ಫೋನಿನಲ್ಲಿ ಹುಡುಕಿದಾಗ ಹೊರದೇಶದ ಯಾವುದೋ ಅಂಗಡಿ ಸಿಕ್ಕಿತು. ಚಿತ್ರದಲ್ಲಿ ಕೋಟು ತೊಟ್ಟ ಹೆಂಗಸೊಬ್ಬಳು ಹಿಮದ ನಡುವೆ ನಿಂತು ಐಸ್‌ಕ್ರೀಂ ತಿನ್ನುತ್ತಿದ್ದಳು. ಇದಕ್ಕಿಂತ ಪುರಾವೆ ಬೇಕೇ? ಒತ್ತಿದೆ. ಅದು ಕೇಳಿತು: ಸೈಜು?

ರತ್ನ ಅಡುಗೆಮನೆಯಲ್ಲಿ ಅವರೆಕಾಳು ಹಿಸುಕುತ್ತಿದ್ದಳು. ಬಾಗಿಲಲ್ಲಿ ನಿಂತು, “ನಿನ್ನ ಸೈಜು ಎಷ್ಟು?” ಎಂದೆ.

ಅವಳ ಕೈ ನಿಂತಿತು. “ಮೂವತ್ತು ವರ್ಸದಿಂದ ಒಂದೇ ಮನೇಲಿವ್ನಿ. ಈಗ ಬಂದು ಸೈಜು ಕೇಳ್ತಾವ್ರೆ ನೋಡು!”

“ಕೋಟಿಗೆ ಕಣೇ.”

“ನೀವೇ ನೋಡ್ಕಂಡು ತರ್ಸಿ. ನಿಮ್ಗೆ ನಾನು ಎಷ್ಟು ಗೊತ್ತು ಅಂತ ನಂಗೂ ಗೊತ್ತಾಗ್ಲಿ.”

ಕೋಟಿನ ವಿಷಯ ಹೀಗೆ ಪರೀಕ್ಷೆಯಾಗಿಬಿಟ್ಟಿತು. ಈ ಪರೀಕ್ಷೆಯಲ್ಲಿ ನಾನು ಹಿಂದೆಯೂ ನಪಾಸಾದವನೇ. ಒಮ್ಮೆ ಕೆ.ಆರ್. ಪೇಟೆಯ ಮದುವೆಯಿಂದ ಕಾರಿನಲ್ಲಿ ಬರುವಾಗ ಹಿಂದಿನ ಸೀಟಿಗೆ ರತ್ನಳೂ ಸೇರಿ ಮೂವರು ಹೆಂಗಸರು ಹತ್ತಿದ್ದರು. “ರತ್ನ ಮುಂದೆ ಕೂರಲಿ, ಎಲ್ಲರಿಗೂ ಆರಾಮ” ಎಂದುಬಿಟ್ಟೆ. ಆ ‘ಎಲ್ಲರಿಗೂ’ ಎಂಬ ಪದದ ಅರ್ಥವನ್ನು ಮನೆಯಲ್ಲಿ ಎಷ್ಟು ದಿನ ವಿವರಿಸಿದೆನೋ, ಕೊನೆಗೆ ನನಗೇ ಅದರ ಅರ್ಥ ಮರೆತುಹೋಯಿತು.

ಸೈಜಿನ ಪಟ್ಟಿ ತೆರೆದೆ. ಏಷ್ಯಾದ ಸೈಜು, ಯುರೋಪಿನ ಸೈಜು, ಅಮೆರಿಕದ ಸೈಜು ಎಂದು ಬೇರೆಬೇರೆ ಸಾಲುಗಳು. ಒಬ್ಬಳೇ ಹೆಂಗಸು ಒಂದು ದೇಶದಲ್ಲಿ ಎಂ, ಇನ್ನೊಂದರಲ್ಲಿ ಎಕ್ಸೆಲ್, ಮತ್ತೊಂದರಲ್ಲಿ ಬರೀ ನಂಬರು. ಒಂದೆಡೆ ಇಂಚು, ಒಂದೆಡೆ ಸೆಂಟಿಮೀಟರು. ಕೆಳಗೆ ಫೋನು ತಾನೇ ಕನ್ನಡಕ್ಕೆ ತಿರುಗಿಸಿದ ಸೂಚನೆ: “ಪ್ರಿಯ ಸ್ನೇಹಿತ, ಕೈಯಿಂದ ಅಳೆದ ಕಾರಣ ಮೂರು ಸೆಂಟಿಮೀಟರ್ ತಪ್ಪನ್ನು ಸಹಿಸು. ನೀವು ದುಂಡಾಗಿದ್ದರೆ ದೊಡ್ಡದನ್ನು ಆರಿಸಿ.” ದುಂಡು ಎಂದರೆ ಎಲ್ಲಿಂದ ಶುರು? ಅದನ್ನು ಬರೆದಿರಲಿಲ್ಲ.

ರತ್ನಳ ರವಿಕೆ ಹೊಲಿಯುವ ಜಯಮ್ಮನ ಅಂಗಡಿ ಪಾಂಡವಪುರದಲ್ಲಿದೆ. ಅವಳ ಪುಸ್ತಕದಲ್ಲಿ ಎಲ್ಲ ಅಳತೆಯೂ ಇರುತ್ತದಲ್ಲ ಎಂದು ಸ್ಕೂಟರು ಹತ್ತಿದೆ. ವಿಷಯ ಕೇಳಿದ ಜಯಮ್ಮ ಪುಸ್ತಕ ಮುಚ್ಚಿ ಅದರ ಮೇಲೆ ಕತ್ತರಿ ಇಟ್ಟಳು.

“ಹೆಂಗಸ್ರ ಅಳ್ತೆ ಗಂಡಂದ್ರಿಗೂ ಯೋಳಾಕಿಲ್ಲ ಕಣಣ್ಣ. ನಮ್ಮ ಕಸುಬು ನಿಂತಿರೋದೇ ಅದ್ರ ಮ್ಯಾಲೆ.”

“ಸುಮಾರಾಗಿ ಹೇಳಮ್ಮ, ಸಾಕು.”

“ನೀವ್ ಬಂದಿದ್ರಿ ಅಂತ ಅಕ್ಕಂಗೆ ಫೋನ್ ಮಾಡ್ಲಾ?”

ಬೇಡ ತಾಯಿ ಎಂದು ಕೈಮುಗಿದು ವಾಪಸು ಬಂದೆ.

ಉಳಿದದ್ದು ಬೀರು. ರತ್ನ ನೆರೆಮನೆಗೆ ಹೋದಾಗ ಅವಳ ಸ್ವೆಟರೊಂದನ್ನು ಮಂಚದ ಮೇಲೆ ಹರಡಿ, ಅಂಗಡಿಯ ಕಬ್ಬಿಣದ ಮೀಟರು ಕಡ್ಡಿಯಿಂದ ಅಳೆದೆ. ಆ ಕಡ್ಡಿ ಸೀರೆಗೆ ಬಾಗಬೇಕಾಗಿರಲಿಲ್ಲ, ಹೆಂಡತಿಗೂ ಬಾಗಲಿಲ್ಲ. ಬಂದ ಅಳತೆಯನ್ನು ಎರಡರಿಂದ ಗುಣಿಸಬೇಕೋ ಬೇಡವೋ ತಿಳಿಯದೆ ಗುಣಿಸಿದೆ. ಪಟ್ಟಿಯಲ್ಲಿ ಅದಕ್ಕೆ ಎಲ್ ಎಂದಿತ್ತು. ಒಳಗೆ ಸ್ವೆಟರು ಹಾಕುತ್ತಾಳೆಂದು ಒಂದು ಎಕ್ಸು ಸೇರಿಸಿದೆ. ಅವರ ಕೈತಪ್ಪಿಗೆ ಒಂದು, ಏಷ್ಯಾದ ಸೈಜು ಚಿಕ್ಕದಿರುತ್ತದಂತೆ ಎಂದು ಇನ್ನೊಂದು. ಕೊನೆಗೆ ಯಾವುದಕ್ಕೂ ಇರಲಿ ಎಂದು ಮತ್ತೊಂದು. ನನ್ನ ಕೋಟಿಗೆ ಏನೂ ಯೋಚಿಸಲಿಲ್ಲ. ಎಲ್ ಎಂದು ಒತ್ತಿದೆ. ನನ್ನ ಸೈಜು ನನಗೆ ಗೊತ್ತಿಲ್ಲವೇ?

ಪಾರ್ಸೆಲ್ಲು ಬಂದ ದಿನ ರತ್ನ ಮುಖ ತೊಳೆದು, ಬೊಟ್ಟು ಇಟ್ಟುಕೊಂಡು ಬಂದು ಕೋಟು ತೊಟ್ಟಳು. ತೋಳು ಬೆರಳು ದಾಟಿ ಜೋತಾಡಿತು. ಕನ್ನಡಿಯಲ್ಲಿ ಕೋಟು ಮಾತ್ರ ಕಾಣಿಸಿತು, ಅದರ ಮೇಲೆಲ್ಲೋ ಬೊಟ್ಟು. ಕೊರಳಪಟ್ಟಿಯ ಚೀಟಿಯನ್ನು ಅವಳು ಓದಿದಳು.

“ನಾಕು ಎಕ್ಸು. ಒಂದೊಂದು ಏನಕ್ಕೆ ಅಂತ ಯೋಳಿ.”

ಸ್ವೆಟರು, ಕೈತಪ್ಪು, ಏಷ್ಯಾ ಎಂದು ಮೂರಕ್ಕೆ ಲೆಕ್ಕ ಒಪ್ಪಿಸಿದೆ.

“ನಾಕನೇದು?”

ನಾನು ಪಾರ್ಸೆಲ್ಲಿನ ಖಾಲಿ ಡಬ್ಬಿ ಮಡಿಸತೊಡಗಿದೆ. ಅವಳು ಕೋಟು ಮಡಿಸಿಟ್ಟು ಒಳಗೆ ಹೋದಳು. ಅಂದಿನಿಂದ ಊಟಕ್ಕೆ ಬಡಿಸುತ್ತಿದ್ದಳು, ಇನ್ನೊಂದು ಮುದ್ದೆ ಬೇಕೇ ಎಂದು ಮಾತ್ರ ಕೇಳುತ್ತಿರಲಿಲ್ಲ. ನನ್ನ ಕೋಟಿನ ಜಿಪ್ಪು ಹೊಕ್ಕುಳಿನ ಹತ್ತಿರ ಬಂದು ನಿಂತುಬಿಟ್ಟಿತ್ತು. ಅದನ್ನೂ ನೋಡಿ ತನ್ನ ಕೆಲಸಕ್ಕೆ ಹೋದಳು. ಒಂದು ಮಾತು ಅಂದಿದ್ದರೆ ಸಮಾಧಾನವಾಗುತ್ತಿತ್ತು. ಬದಲಾಯಿಸಿ ಕೊಡಿ ಎಂದು ಅಂಗಡಿಯವರಿಗೆ ಬರೆದೆ. ಉತ್ತರ ಬಂತು: “ಪ್ರಿಯ ಸ್ನೇಹಿತ, ಹಿಂದಿರುಗುವ ದಾರಿ ಬಹಳ ದೂರ. ದುಂಡಗಿನ ಬಂಧುವಿಗೆ ಉಡುಗೊರೆ ನೀಡಿ ಸಂತೋಷಪಡು.”

ಹಾಗೇ ಬದರಿಗೆ ಹೋದೆವು. ಬಸ್ಸಿನಿಂದ ಇಳಿದ ಕೂಡಲೇ ಚಳಿ ಮೂಳೆಗೇ ಕೈಹಾಕಿತು. ಎಲ್ಲ ಹೆಂಗಸರೂ ಕೋಟು ತೆಗೆದರು. ಮೈಗೆ ಒಪ್ಪುವಂಥ ಚಂದದ ಕೋಟುಗಳೇ. ಆದರೆ ಸೀರೆ, ಅದರ ಮೇಲೆ ಸ್ವೆಟರು, ಅದರ ಮೇಲೆ ಶಾಲು ಸೇರಿ ಒಂದಕ್ಕೂ ಗುಂಡಿ ಕೂಡಲಿಲ್ಲ. ರತ್ನ ಅಷ್ಟೆಲ್ಲವನ್ನೂ ಒಳಗಿಟ್ಟು, ತೋಳು ಎರಡು ಸುತ್ತು ಮಡಿಸಿ, ಕತ್ತಿನವರೆಗೆ ಜಿಪ್ಪು ಎಳೆದಳು.

“ಅಕ್ಕ, ನಿಮ್ಮನೆಯೋರು ಎಷ್ಟು ತಿಳ್ಕಂಡು ತರ್ಸವ್ರೆ! ನಮ್ಮನೇಲೂ ಒಬ್ರು ಅವ್ರೆ!” ಎಂದಳು ನಾಗಮಂಗಲದ ನಾದಿನಿ.

ರತ್ನ ಎಷ್ಟೋ ದಿನಗಳ ಮೇಲೆ ನನ್ನ ಮುಖ ನೋಡಿದಳು. ನಾನು ಎಲ್ಲ ಲೆಕ್ಕ ಹಾಕಿಯೇ ತರಿಸಿದವನಂತೆ ನಿಂತೆ. ಜಿಪ್ಪು ತೆರೆದ ಕೋಟಿನೊಳಗೆ ಹಲ್ಲು ಕಟಕಟ ಎನ್ನುತ್ತಿದ್ದುದರಿಂದ ಆ ಗತ್ತು ಹೆಚ್ಚು ಹೊತ್ತು ನಿಲ್ಲಲಿಲ್ಲ. ಚಹಾ ಕುಡಿಯಲು ಕಟ್ಟೆಯ ಮೇಲೆ ಕೂತಾಗ ಅವಳು ಕೋಟು ಬಿಚ್ಚಿ, “ಬನ್ನಿ ಇತ್ಲಾಗೆ, ಒಂದು ತೋಳು ನೀವಾಕ್ಕಳಿ” ಎಂದಳು. ಒಂದು ತೋಳು ಅವಳದು, ಒಂದು ನನ್ನದು, ಬೆನ್ನು ಇಬ್ಬರದೂ. ನಾದಿನಿ ಫೋಟೋ ತೆಗೆದು ನೆಂಟರ ಗುಂಪಿಗೆಲ್ಲ ಕಳಿಸಿದಳು.

ಊರಿಗೆ ಬಂದ ಮೇಲೂ ಆ ಫೋಟೋದ ಕೆಳಗೆ ಪ್ರಶ್ನೆಗಳು ಬರುತ್ತಿದ್ದವು. ಕೋಟು ಬಲು ಚೆನ್ನಾಗಿದೆ, ಯಾವ ಸೈಜು ಎಂದು ಒಬ್ಬರು ಕೇಳಿದ್ದರು. ಏನು ಬರೆಯಲಿ ಎಂದು ರತ್ನಳನ್ನೇ ಕೇಳಿದೆ. ಈ ಸಲ ಬುದ್ಧಿ ಬಂದಿತ್ತು.

“ನಾಕು ಎಕ್ಸು ಅಂತ ಬರೀರಿ. ಕೋಟು ನಿಮ್ದೇ ಅಂತ್ಲೂ ಬರೀರಿ.”

ಬರೆದೆ. ಸಂಸಾರದಲ್ಲಿ ನೆಮ್ಮದಿ ಮುಖ್ಯ. ಆದರೆ ಮನಸ್ಸಿಗೆ ಕಸಿವಿಸಿ. ಅದು ನನ್ನ ಸೈಜೆಂಬುದು ಸುಳ್ಳೆಂದು ನನಗಾದರೂ ಖಾತ್ರಿಯಾಗಲಿ ಎಂದು, ಮರುದಿನ ಅವಳು ಹಿತ್ತಿಲಿಗೆ ಹೋದ ಹೊತ್ತಿನಲ್ಲಿ ಆ ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತೆ. ಭುಜ ಸರಿಯಾಗಿ ಕೂತಿತು. ತೋಳು ಮಣಿಕಟ್ಟಿಗೆ ಬಂದು ನಿಂತಿತು. ಜಿಪ್ಪು ಗಂಟಲವರೆಗೂ ಹೋಯಿತು. ಬಿಚ್ಚೋಣವೆಂದು ಕೈಯೆತ್ತಿದರೆ ಕನ್ನಡಿಯಲ್ಲಿ ನನ್ನ ಹಿಂದೆ ರತ್ನ.

ಅವಳು ನಗಲಿಲ್ಲ. ಹತ್ತಿರ ಬಂದು ಕಾಲರು ಸರಿಮಾಡಿ, ಮೇಲಿಂದ ಕೆಳಗೆ ನೋಡಿ, ಮೆಲ್ಲಗೆ ಹೇಳಿದಳು:

“ಹೊಟ್ಟೆತಾವ ಒಸಿ ಬಿಗಿ ಕಣ್ರೀ.”